ಬಾರದೇ ಹೋದ 29 ಜನ

ಮಲೆನಾಡಿನ ಜಿಲ್ಲಾ ಕೇಂದ್ರವೊಂದರ ವಕೀಲರ ಸಂಘದಲ್ಲಿ ಕಿರಿಯ ಸದಸ್ಯರ ಸ್ನೇಹಕೂಟಗಳ ಹೊಣೆ ಹೊತ್ತಿದ್ದ ಯುವ ವಕೀಲರೊಬ್ಬರು ಕಳೆದ ಮಳೆಗಾಲದಲ್ಲಿ ಆಪ್ತಸಮಾಲೋಚನೆಗಾಗಿ ನನ್ನ ಬಳಿಗೆ ಬಂದರು. ಅವರ ಒಪ್ಪಿಗೆ ಪಡೆದು, ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿ ಇದನ್ನು ಬರೆಯುತ್ತಿದ್ದೇನೆ. ಮೂರು ವಾರಗಳಿಂದ ಅವರಿಗೆ ಸರಿಯಾಗಿ ನಿದ್ದೆ ಇರಲಿಲ್ಲ. ಕೋರ್ಟಿನಲ್ಲಿ ವಕೀಲರು ಕೂರುವ ಬಾರ್ ರೂಮಿನ ಬಾಗಿಲನ್ನು ತಪ್ಪಿಸಿ, ನೇರವಾಗಿ ಕೋರ್ಟ್ ಹಾಲಿಗೆ ಹೋಗಿ, ವಾಯಿದೆ ಪಡೆದು ಯಾರ ಕಣ್ಣಿಗೂ ಬೀಳದಂತೆ ಮನೆ ಸೇರುತ್ತಿದ್ದರು.

"ಸ್ನೇಹಕೂಟಕ್ಕೆ 40 ಊಟ ಹೇಳಿದ್ದೆ ಮೇಡಂ, ಬಂದವರು 11 ಜನ" ಎಂದರು. ಉಳಿದ ಅಡುಗೆಯನ್ನು ಹಾಸ್ಟೆಲೊಂದಕ್ಕೆ ಸಾಗಿಸುವಾಗ ಸಾಂಬಾರು ಕಾರಿನ ಡಿಕ್ಕಿಯಲ್ಲಿ ಚೆಲ್ಲಿದ್ದನ್ನೂ, ರಾತ್ರಿ ಒಬ್ಬರೇ ಹಳೆಯ ಪಂಚೆಯಿಂದ ಅದನ್ನು ಒರೆಸಿದ್ದನ್ನೂ ಎರಡು ಸಲ ಹೇಳಿದರು. ಆ ಸಂಜೆಯ ನೋವೆಲ್ಲ ಅಲ್ಲೇ ಇತ್ತು.

ಕಾರ್ಯಕ್ರಮದ ಮಾತನ್ನು ಬದಿಗಿಟ್ಟು, ಈ ಹೊಣೆಯನ್ನು ಏಕೆ ಒಪ್ಪಿಕೊಂಡಿರಿ ಎಂದು ಕೇಳಿದೆ. ಮನೆತನದಲ್ಲಿ ಯಾರೂ ವಕೀಲರಿರಲಿಲ್ಲ; ವಕೀಲಿಕೆಯ ಪರವಾನಗಿಯಾದ ಸನದು ಪಡೆದ ಮೊದಲ ವರ್ಷ ಪರಿಚಯದವರಿಲ್ಲದೆ ರೆಕಾರ್ಡ್ ರೂಮಿನ ಹಿಂದಿನ ಮೆಟ್ಟಿಲ ಮೇಲೆ ಕುಳಿತು ಬುತ್ತಿ ಬಿಚ್ಚುತ್ತಿದ್ದರಂತೆ. ಬೇರೆ ಯಾರಿಗೂ ಆ ಮೆಟ್ಟಿಲು ಬೇಡ ಎಂದು ಮುಂದೆ ಬಂದವರಿಗೆ, ಖಾಲಿ ಕುರ್ಚಿಗಳು ಮತ್ತೆ ಅದೇ ಮೆಟ್ಟಿಲನ್ನು ತೋರಿಸಿದ್ದವು. ಬಾರದೇ ಹೋದವರೆಲ್ಲ ತನ್ನನ್ನು ಬೇಡವೆಂದವರು ಎಂಬ ಲೆಕ್ಕ ಅವರ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿತ್ತು.

ಆ ಲೆಕ್ಕವನ್ನು ಮಾತಿನಿಂದ ಅಳಿಸಲು ನಾನು ಹೋಗಲಿಲ್ಲ. 29 ಹೆಸರುಗಳನ್ನೂ ಬರೆದು, ಸಂಜೆ ಏಳು ಗಂಟೆಗೆ ಪ್ರತಿಯೊಬ್ಬರೂ ಎಲ್ಲಿರುತ್ತಾರೆ ಎಂಬುದನ್ನು ವಿಚಾರಿಸಿ ಪಕ್ಕದಲ್ಲಿ ಗುರುತು ಹಾಕಿಕೊಂಡು ಬನ್ನಿ ಎಂದೆ. ಮುಂದಿನ ವಾರ ಅವರು ತಂದ ಹಾಳೆಯಲ್ಲಿ ಅರ್ಧದಷ್ಟು ಹೆಸರುಗಳ ಮುಂದೆ 'ಸೀನಿಯರ್ ಆಫೀಸು' ಎಂದಿತ್ತು, ಏಕೆಂದರೆ ಕಿರಿಯರು ತಮ್ಮ ಹಿರಿಯ ವಕೀಲರ ಕಚೇರಿಯಲ್ಲಿ ಮರುದಿನದ ಫೈಲುಗಳನ್ನು ಸಿದ್ಧಪಡಿಸುವ ಹೊತ್ತು ಅದೇ. ಕೆಲವರಿಗೆ ತಾಲ್ಲೂಕಿಗೆ ಕೊನೆಯ ಬಸ್ಸು ತಪ್ಪುತ್ತಿತ್ತು, ಪಿ.ಜಿ.ಯಲ್ಲಿದ್ದ ಯುವತಿಯರಿಗೆ ಗೇಟು ಮುಚ್ಚುವ ಚಿಂತೆ. ಮೂವರು 500 ರೂಪಾಯಿ ವಂತಿಗೆ ಕೊಡಲಾಗದೆ ಸುಮ್ಮನಿದ್ದರು. ಕಿರಿಯ ವಕೀಲರಿಗೆ ತಿಂಗಳಿಗೆ ನಗರಗಳಲ್ಲಿ 20,000, ಗ್ರಾಮಾಂತರದಲ್ಲಿ 15,000 ರೂಪಾಯಿ ಕೊಡಬೇಕೆಂದು ಭಾರತೀಯ ವಕೀಲರ ಪರಿಷತ್ತು 2024ರಲ್ಲಿ ಮಾಡಿದ್ದು ಶಿಫಾರಸು ಮಾತ್ರ, ಕಡ್ಡಾಯವಲ್ಲ. ಅದರ ಅರ್ಧವೂ ಸಿಗದವರಿಗೆ ಒಂದು ಊಟಕ್ಕೆ 500 ರೂಪಾಯಿ ದೊಡ್ಡ ಮೊತ್ತವೇ. ಹಾಳೆಯನ್ನು ಮಡಚುತ್ತ, "ಯಾರೂ ನನ್ನ ಮೇಲಿನ ಬೇಸರದಿಂದ ತಪ್ಪಿಸಿಕೊಂಡಿಲ್ಲ" ಎಂದು ಅವರೇ ಮೆಲ್ಲಗೆ ಹೇಳಿದರು.

ನಾನು ಕೊಟ್ಟ ಸಲಹೆ ಇಷ್ಟು. ಕೂಟವನ್ನು ಮಧ್ಯಾಹ್ನದ ವಿರಾಮಕ್ಕೆ ತನ್ನಿ. ಎಲ್ಲರೂ ತಮ್ಮ ಬುತ್ತಿಯನ್ನೇ ತರಲಿ, ಸಂಘದ ಖರ್ಚು ಮಂಡಕ್ಕಿ ಮತ್ತು ಚಹಾಕ್ಕೆ ಸೀಮಿತವಾಗಲಿ. ವೇದಿಕೆ, ಹಾರ, ಹಿರಿಯರ ಭಾಷಣ ಡಿಸೆಂಬರ್ 3ರ ವಕೀಲರ ದಿನಾಚರಣೆಗೆ ಇರಲಿ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಆಹ್ವಾನ ಹಾಕಿ ಕೈತೊಳೆದುಕೊಳ್ಳದೆ, ಹೊಸಬರನ್ನು ಹೆಸರು ಹಿಡಿದು ಕರೆಯಿರಿ. ಎಲ್ಲಕ್ಕಿಂತ ಮುಖ್ಯವಾಗಿ, ಹೊಣೆಯನ್ನು ಇನ್ನಿಬ್ಬರೊಂದಿಗೆ ಹಂಚಿಕೊಳ್ಳಿ, ಅವರಲ್ಲಿ ಒಬ್ಬರು ಮಹಿಳೆಯಾಗಿರಲಿ. ಒಬ್ಬರೇ ಹೊತ್ತ ಕೆಲಸದ ಸೋಲನ್ನು ಮನಸ್ಸು ಬಹುಬೇಗ ತನ್ನದೇ ಸೋಲೆಂದು ಬರೆದುಕೊಳ್ಳುತ್ತದೆ. ನಿದ್ದೆಯ ತೊಂದರೆ ಮುಂದುವರಿದರೆ ಮನೋವೈದ್ಯರನ್ನು ಕಾಣಬೇಕೆಂದೂ, ಅವೇಳೆಯಲ್ಲಿ ಮನಸ್ಸು ಕುಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416ಕ್ಕೆ ಉಚಿತವಾಗಿ ಕರೆ ಮಾಡಬಹುದೆಂದೂ ತಿಳಿಸಿದೆ. ಆ ಅಗತ್ಯ ಬೀಳಲಿಲ್ಲ. ನಾಲ್ಕನೆಯ ಭೇಟಿಯ ಹೊತ್ತಿಗೆ ನಿದ್ದೆ ಮರಳಿತ್ತು.

ಆ ಭೇಟಿಯಲ್ಲಿ, ಮೊದಲ ಮಧ್ಯಾಹ್ನ ಎಷ್ಟು ಜನ ಬಂದರೆಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ತಿಂಗಳ ಹಿಂದಷ್ಟೇ ಸನದು ಪಡೆದಿದ್ದ ಹುಡುಗಿಯೊಬ್ಬಳು ಪಕ್ಕದ ಬೆಂಚಿನಲ್ಲಿ ಬುತ್ತಿ ಬಿಚ್ಚಿ, "ಸರ್, ನಕಲಿನ ಅರ್ಜಿ ಎಲ್ಲಿ ಕೊಡಬೇಕು?" ಎಂದು ಕೇಳಿದಳಂತೆ, ಊಟ ಮುಗಿಸಿ ಅವಳಿಗೆ ಕೋರ್ಟಿನ ದಾಖಲೆಗಳ ಪ್ರತಿ ಕೊಡುವ ನಕಲು ಶಾಖೆಯ ಕಿಟಕಿಯನ್ನು ತೋರಿಸಿ ಬಂದುದನ್ನು ಮಾತ್ರ ಹೇಳಿದರು.