ಸಿಹಿ ಬೇಡ, ಕರಿದದ್ದೇ ಬೇಕು. ಇದೂ ಜೀನ್‌ನಿಂದ ಬಂದದ್ದಾ?

ಅಪ್ಪ, ಅಕ್ಕ, ನೀವು ಮೂವರೂ ದಪ್ಪ. ಸಿಹಿ ಮುಂದಿಟ್ಟರೂ ಮುಟ್ಟುವುದಿಲ್ಲ, ಎಣ್ಣೆ-ತುಪ್ಪದ್ದು ಕಂಡರೆ ಮಾತ್ರ ಕೈ ನಿಲ್ಲುವುದಿಲ್ಲ. ಇದು ರಕ್ತದಲ್ಲೇ ಬಂದದ್ದಾ ಅಂತ ಕೇಳಿದ್ದೀರಿ. ಸ್ವಲ್ಪ ಮಟ್ಟಿಗೆ ಹೌದು.

ನಿಮ್ಮ ಪ್ರಶ್ನೆ ಓದಿದ ತಕ್ಷಣ ನನಗೆ ನೆನಪಾದದ್ದು ಚಿಕನ್ ಕುರ್ಮಾ. 2016ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಸದಾಫ್ ಫಾರೂಕಿ ಅವರ ತಂಡ ಮೂರು ಬಗೆಯ ಕುರ್ಮಾ ಮಾಡಿಸಿ ಜನರಿಗೆ ಬಡಿಸಿತು. ನೋಡಲು, ರುಚಿಗೆ ಮೂರೂ ಒಂದೇ ಥರ. ಒಳಗಿನ ಕೊಬ್ಬು ಮಾತ್ರ ಬೇರೆ ಬೇರೆ. ಬೇಕಾದ್ದನ್ನು ಬೇಕಾದಷ್ಟು ತಿನ್ನಬಹುದಿತ್ತು. ಎಂಸಿ4ಆರ್ ಎಂಬ ಜೀನ್‌ನಲ್ಲಿ ದೋಷ ಇದ್ದವರು ಜಾಸ್ತಿ ಕೊಬ್ಬಿನ ಕುರ್ಮಾವನ್ನು ತೆಳ್ಳಗಿದ್ದವರಿಗಿಂತ ಶೇ 95ರಷ್ಟು ಹೆಚ್ಚು ತಿಂದರು. ಈ ದೋಷವಿಲ್ಲದ ದಪ್ಪಗಿನವರಿಗಿಂತಲೂ ಶೇ 65ರಷ್ಟು ಹೆಚ್ಚು! ಆಮೇಲೆ ಕ್ರೀಮ್, ಸ್ಟ್ರಾಬೆರಿಯ ಸಿಹಿ ತಿನಿಸು ಕೊಟ್ಟರೆ, ಇವರೇ ಎಲ್ಲರಿಗಿಂತ ಕಡಿಮೆ ತಿಂದರು. ನೀವು ಹೇಳಿದ ಹಾಗೇ, ಅಲ್ವಾ?

ಇದರಲ್ಲಿ ನಾಲಿಗೆಯ ಚಪಲದ ಮಾತೇ ಇಲ್ಲ. ಹೊಟ್ಟೆ ತುಂಬಿತು, ಸಾಕು ಅಂತ ಮಿದುಳಿಗೆ ತಿಳಿಸುವ ದಾರಿಯಲ್ಲಿ ಈ ಜೀನ್ ಕೆಲಸ ಮಾಡುತ್ತದೆ. ಅದು ಕೆಟ್ಟರೆ ದೇಹ ತನಗೆ ಗೊತ್ತಿಲ್ಲದೆಯೇ ಕೊಬ್ಬನ್ನು ಹುಡುಕುತ್ತದೆ.

ಹಾಗಂತ ನಿಮಗೂ ಅದೇ ಇದೆ ಅಂದುಕೊಳ್ಳಬೇಡಿ. ಬೊಜ್ಜು ಇರುವ ನೂರು ಜನರಲ್ಲಿ ಒಬ್ಬರಿಗೆ ಇರಬಹುದು, ಅಷ್ಟೇ. ತುಂಬಾ ಜನರಲ್ಲಿ ಕಾಣುವುದು ಎಫ್‌ಟಿಒ ಜೀನ್‌ನ ಒಂದು ಬಗೆ. 2007ರಲ್ಲಿ ಗೊತ್ತಾದದ್ದು. ಅಪ್ಪ ಅಮ್ಮ ಇಬ್ಬರಿಂದಲೂ ಅದು ಬಂದಿದ್ದರೆ ತೂಕ ಸರಾಸರಿ 3 ಕಿಲೋ ಜಾಸ್ತಿ ಇರುತ್ತದೆ. ದಿನಾ ಮೈ ಬಗ್ಗಿಸಿ ಓಡಾಡುವವರಲ್ಲಿ ಅದರ ಪ್ರಭಾವ ಕಡಿಮೆ ಅನ್ನುವುದೂ ಗೊತ್ತಾಗಿದೆ. ಹಾಗಾಗಿ ನಡಿಗೆ ಬಿಡಬೇಡಿ.

ನನ್ನ ಚಿಕ್ಕಮ್ಮನಿಗೆ ಮದುವೆ ಮನೆಗಳಲ್ಲಿ ‘ಸ್ವಲ್ಪ ಬಾಯಿ ಕಟ್ಟಮ್ಮ’ ಅನ್ನದವರಿಲ್ಲ. ಒಮ್ಮೆ ಅರ್ಧ ಊಟಕ್ಕೇ ಎಲೆ ಬಿಟ್ಟು ಎದ್ದು ಹೋದದ್ದನ್ನು ನೋಡಿದ್ದೇನೆ. ದಯವಿಟ್ಟು ನಿಮ್ಮನ್ನು ನೀವು ಹಾಗೆ ಬೈದುಕೊಳ್ಳಬೇಡಿ. ಮೂವರಲ್ಲಿ ಯಾರಾದರೂ ಐದು ವರ್ಷ ವಯಸ್ಸಾಗುವ ಮೊದಲೇ ತುಂಬಾ ದಪ್ಪ ಆಗಿದ್ದರಾ, ಎಷ್ಟು ತಿಂದರೂ ಹಸಿವು ಅಂತಿದ್ದರಾ ಅಂತ ಮನೆಯಲ್ಲಿ ಕೇಳಿ. ಹೌದಾದರೆ ಹಾರ್ಮೋನ್ ತಜ್ಞರಿಗೆ ಅದನ್ನು ಹೇಳಿ, ಜೀನ್ ಪರೀಕ್ಷೆ ಬೇಕಾ ಅಂತ ವಿಚಾರಿಸಿ.