‘ಜೇನು’ ಬಿಟ್ಟು ‘ಕುರುಬ’ ಎಂದು ಬರೆದವನ ಉತ್ತರ

ಕಾಡಂಚಿನ ವಸತಿಗಳಾದ ಹಾಡಿಗಳ ಮಕ್ಕಳ ಬಗ್ಗೆ ಬರೆಯುವಾಗ ‘ಗಿರಿಜನ’, ‘ಬುಡಕಟ್ಟು’, ‘ಆದಿವಾಸಿ’ ಇವುಗಳಲ್ಲಿ ಯಾವುದು ಗೌರವದ ಪದ ಎಂದು ಕೇಳಿದ್ದೀರಿ. ಇದೇ ಗೌರವದ ಚಿಂತೆಯಿಂದ ನಾನೊಬ್ಬ ಹುಡುಗನಿಗೆ ಕೇಡು ಮಾಡಿದ್ದೇನೆ.

ಹೆಗ್ಗಡದೇವನಕೋಟೆಯ ಕಾಡಂಚಿನ ಶಾಲೆಯೊಂದಕ್ಕೆ ನಾನು ಹೊಸದಾಗಿ ಮೇಷ್ಟ್ರಾಗಿ ಹೋಗಿದ್ದೆ. ಒಂದನೆಯ ತರಗತಿಗೆ ಮಗನನ್ನು ಸೇರಿಸಲು ಬಂದವರು ಜಾತಿ ಜೇನುಕುರುಬ ಎಂದರು. ಸುತ್ತಲಿನವರು ಆ ಹೆಸರನ್ನು ಬೈಗುಳದಂತೆ ಆಡುವುದನ್ನು ಕೇಳಿದ್ದ ನನಗೆ, ದಾಖಲಾತಿ ಪುಸ್ತಕದಲ್ಲಿ ಬರಿಯ ‘ಕುರುಬ’ ಎಂದಿದ್ದರೆ ಮಗುವಿನ ಮಾನ ಉಳಿದೀತು ಎನಿಸಿತು. ಯಾರನ್ನೂ ಕೇಳದೆ ಹಾಗೆಯೇ ಬರೆದೆ. ಕುರುಬರು ಹಿಂದುಳಿದ ವರ್ಗಗಳ 2ಎ ಪ್ರವರ್ಗಕ್ಕೆ ಸೇರಿದವರು. ಜೇನುಕುರುಬರು ಪರಿಶಿಷ್ಟ ಪಂಗಡದವರು, ಅದರಲ್ಲೂ ಅತಿ ದುರ್ಬಲವೆಂದು ಕರ್ನಾಟಕದಲ್ಲಿ ಗುರುತಿಸಲಾದ ಎರಡೇ ಬುಡಕಟ್ಟುಗಳಲ್ಲಿ ಕೊರಗರೊಂದಿಗೆ ಇರುವವರು. ನಾನು ಬಿಟ್ಟ ಎರಡಕ್ಷರ ವರ್ಗಾವಣೆ ಪತ್ರದಲ್ಲಿಯೂ ಬಿಟ್ಟುಹೋಯಿತು. ಹುಡುಗ ಹೈಸ್ಕೂಲು ಸೇರಿ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದಾಗ, ಶಾಲೆಯ ದಾಖಲೆಯಲ್ಲಿ ಬೇರೆ ಜಾತಿಯಿದೆ ಎಂದು ಪ್ರಮಾಣಪತ್ರವನ್ನೇ ತಡೆಹಿಡಿದರು. ತಿದ್ದುಪಡಿಗಾಗಿ ನಾನೇ ಎರಡು ವರ್ಷ ಅಲೆದೆ. ಆದೇಶ ಕೈಗೆ ಬರುವಷ್ಟರಲ್ಲಿ ಅವನು ಓದು ಬಿಟ್ಟು ಕೊಡಗಿನ ಕಾಫಿ ತೋಟಕ್ಕೆ ಕೂಲಿಗೆ ಹೋಗಿದ್ದ. ಅವನ ತಂದೆ ಒಂದೇ ಮಾತು ಕೇಳಿದರು: “ನಮ್ಮ ಜೇನು ಯಾಕೆ ತೆಗೆದ್ರಿ ಮೇಷ್ಟ್ರೇ?” ಆ ಹೆಸರು ಅವರಿಗೆ ಎಂದೂ ಅವಮಾನವಾಗಿರಲಿಲ್ಲ, ನಾಚಿಕೆ ನನ್ನದಾಗಿತ್ತು.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ‘ಗಿರಿಜನ’ ಸರ್ಕಾರಿ ನಾಮಫಲಕದ ಪದ. ಕರಾವಳಿಯ ಕೊರಗರಿಗೆ ಯಾವ ಗಿರಿ? ‘ಆದಿವಾಸಿ’ ಹಕ್ಕು ಕೇಳುವವರ ಪದ. ಸಂವಿಧಾನ ರಚನಾ ಸಭೆಯಲ್ಲಿ ಆದಿವಾಸಿ ನಾಯಕ ಜೈಪಾಲ್ ಸಿಂಗ್ ಮುಂಡಾ ಅದಕ್ಕಾಗಿ ವಾದಿಸಿದರೂ ಸಂವಿಧಾನದಲ್ಲಿ ನಿಂತದ್ದು ‘ಪರಿಶಿಷ್ಟ ಪಂಗಡ’ವೇ. ಭಾಷಣಕ್ಕೆ ಇವುಗಳಲ್ಲಿ ಯಾವುದನ್ನಾದರೂ ಬಳಸಿಕೊಳ್ಳಿ. ಒಂದು ಮಗುವಿನ ಬಗ್ಗೆ ಬರೆಯುವಾಗ ಮಾತ್ರ ಅವರು ಹೇಳಿದ ಹೆಸರನ್ನೇ ಬರೆಯಿರಿ, ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ಅದು ಹೇಗಿದೆಯೆಂದೂ ನೋಡಿರಿ. ‘ಬೆಟ್ಟಕುರುಬ’ ಎಂಬುದು ಕಾಡುಕುರುಬರ ಇನ್ನೊಂದು ಹೆಸರೆಂದು ಪಟ್ಟಿಗೆ ಸೇರಿಸಲು 2022ರ ಡಿಸೆಂಬರಿನಲ್ಲಿ ಸಂಸತ್ತೇ ಮಸೂದೆ ಅಂಗೀಕರಿಸಬೇಕಾಯಿತು. ಬರೆದದ್ದನ್ನು ತಂದೆತಾಯಿಯ ಎದುರು ಗಟ್ಟಿಯಾಗಿ ಓದಿ, ಅವರು ಹೌದೆಂದ ಮೇಲೆ ಸಹಿ ಹಾಕಿರಿ.