ಪ್ರತಿಕ್ರಿಯೆ: ಸ್ವಿಚ್ ಡಾಕ್‌ನಲ್ಲಿಟ್ಟರೆ ಟಿವಿಯಲ್ಲಿ ‘ನೋ ಸಿಗ್ನಲ್’
ನಿಂಟೆಂಡೊ ಸ್ವಿಚ್ ಗೇಮ್ ಕನ್ಸೋಲನ್ನು ಕೈಯಲ್ಲಿ ಹಿಡಿದರೆ ಆಟ ನಡೆಯುತ್ತದೆ, ಡಾಕ್‌ನಲ್ಲಿ (ಟಿವಿಗೆ ಜೋಡಿಸುವ ಸ್ಟ್ಯಾಂಡ್) ಇಟ್ಟರೆ ‘ನೋ ಸಿಗ್ನಲ್’ ಅಂದರೆ ಬಹುತೇಕ ಚಾರ್ಜರಿನದೇ ತೊಂದರೆ. ಮೊಬೈಲ್ ಚಾರ್ಜರ್ ಹಚ್ಚಿದ್ದೇನೆ ಎಂದು ನೀವೇ ಬರೆದಿದ್ದೀರಿ. ಸಾಮಾನ್ಯ ಮೊಬೈಲ್ ಚಾರ್ಜರ್ ಕೊಡುವುದು 5 ವೋಲ್ಟ್. ಬ್ಯಾಟರಿ ತುಂಬಲು ಅಷ್ಟು ಸಾಕು, ಆದರೆ ನಿಂಟೆಂಡೊ ಸ್ವಿಚ್ ಡಾಕ್‌ನಿಂದ ಟಿವಿಗೆ ಚಿತ್ರ ಹೋಗಲು 15 ವೋಲ್ಟ್ ಬೇಕು.

ಅಳಿಯಂದಿರು ಅಮೆರಿಕದಿಂದ ತಂದ ಮೂಲ ಅಡಾಪ್ಟರ್ ನಮ್ಮ 230 ವೋಲ್ಟಿಗೆ ಸುಟ್ಟೀತು ಎಂಬ ಹೆದರಿಕೆ ಬೇಡ. ಅದರ ಮೇಲೆಯೇ ಇನ್‌ಪುಟ್ 100-240 ವೋಲ್ಟ್ ಎಂದಿರುತ್ತದೆ, ಒಮ್ಮೆ ಓದಿಕೊಳ್ಳಿ. ಟ್ರಾನ್ಸ್‌ಫಾರ್ಮರ್ ಬೇಕಿಲ್ಲ. ಚಪ್ಪಟೆ ಪಿನ್ನಿನ ಕನ್ವರ್ಟರ್ ಪ್ಲಗ್ ಸಾಕು, ವಿಜಯಪುರದ ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಕೇಳಿ. ಸಡಿಲ ಇದ್ದರೆ ಕಿಡಿ ಹಾರುತ್ತದೆ, ಬಿಗಿಯಾಗಿ ಕೂರುವಂಥದ್ದನ್ನೇ ತನ್ನಿ.

ಈಗ ಎಲ್ಲ ವೈರ್ ಬಿಚ್ಚಿ, ಅಡಾಪ್ಟರನ್ನು ಎರಡೂ ತುದಿಯಿಂದ ತೆಗೆದು 30 ಸೆಕೆಂಡ್ ಬಿಡಿ. ಮೊದಲು ಅಡಾಪ್ಟರ್ ಗೋಡೆಯ ಸಾಕೆಟ್ಟಿಗೆ, ಆಮೇಲೆ ಡಾಕ್‌ಗೆ, ಕೊನೆಗೆ ಟಿವಿಗೆ ಹೋಗುವ ಎಚ್‌ಡಿಎಂಐ ಕೇಬಲ್. ಕನ್ಸೋಲ್ ಕೂರಿಸಿ, ಟಿವಿಯಲ್ಲಿ ಕೇಬಲ್ ಹಚ್ಚಿದ ಎಚ್‌ಡಿಎಂಐ ಪೋರ್ಟಿನ ನಂಬರನ್ನೇ ರಿಮೋಟಿನಲ್ಲಿ ಆರಿಸಿ. ಡಾಕ್‌ನ ಮುಂದೆ ಹಸಿರು ದೀಪ ಹತ್ತಬೇಕು.

ದೀಪ ಹತ್ತಿಯೂ ಚಿತ್ರ ಬರದಿದ್ದರೆ ಕೇಬಲ್ಲೋ ಟಿವಿ ಪೋರ್ಟೋ, ಇಲ್ಲಿ ಕೂತು ಹೇಳಲಾಗದು. ಸೆಟ್‌ಟಾಪ್ ಬಾಕ್ಸಿನ ಎಚ್‌ಡಿಎಂಐ ಕೇಬಲ್ ಹಾಕಿ ನೋಡಿ, ನಂತರ ಪೋರ್ಟ್ ಬದಲಿಸಿ. ಟಿವಿ ಹಳೆಯದಾದರೆ ಕನ್ಸೋಲನ್ನು ಕೈಗೆ ತಗೊಂಡು ಸಿಸ್ಟಂ ಸೆಟ್ಟಿಂಗ್ಸ್‌ನಲ್ಲಿ ಟಿವಿ ರೆಸಲ್ಯೂಶನ್ 720ಪಿ ಮಾಡಿ.

ದೀಪಾವಳಿ ಸೂಟಿಗೆ ಬರುವ ನಾಲ್ಕು ಮೊಮ್ಮಕ್ಕಳಿಗೆ ನಾಲ್ಕು ಜೋಡಿ ಜಾಯ್‌ಕಾನ್ (ಕನ್ಸೋಲಿನ ಎರಡು ಬದಿಗೆ ಸಿಗಿಸುವ ಕಂಟ್ರೋಲರ್) ಕೊಳ್ಳಬೇಡಿ, ದುಡ್ಡು ದಂಡ. ಮಾರಿಯೋ ಕಾರ್ಟ್ 8 ಡಿಲಕ್ಸ್ ಎಂಬ ರೇಸ್ ಆಟದಲ್ಲಿ ಒಂದೊಂದನ್ನು ಅಡ್ಡ ಹಿಡಿದು ಆಡಬಹುದು, ಕನ್ಸೋಲಿನ ಜೊತೆ ಬಂದ ಜೋಡಿಗೆ ಇನ್ನೊಂದು ಜೋಡಿ ತಂದರೆ ನಾಲ್ವರಿಗೂ ಆಯಿತು.